ನಲವತ್ತರ ಯಂತ್ರ, ಆರಬಾರದ ದೀಪ

ನಮ್ಮ ಶೇಠರಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಒಂದೇ ಒಂದು ಸಂಖ್ಯೆ, ಪೆಟ್ಟಿಗೆಯ ಮುಖದ ಮೇಲೆ ಕೆಂಪಗೆ ಹೊಳೆಯುತ್ತಿದ್ದ ಸಂಖ್ಯೆ. ಅಲ್ಲಿ ಹದಿನಾರು ಹೊಳೆದಾಗ ಅವರಿಗೆ ಇಪ್ಪತ್ತು ಬೇಕಾಯಿತು, ಇಪ್ಪತ್ತು ಬಂದ ಮೇಲೆ ಇಪ್ಪತ್ತೈದು, ಆಮೇಲೆ ಮೂವತ್ತಮೂರು. ಒಳಗೇನಿದೆ ಎಂದು ಒಮ್ಮೆಯೂ ಬಗ್ಗಿ ನೋಡಿದವರಲ್ಲ. ಅಪ್ಪನ ಕಾಲದಿಂದ ಮುಂಬಯಿಯ ಫೋರ್ಟಿನಲ್ಲಿ ಟೈಪ್‌ರೈಟರ್ ಮಾರುತ್ತಿದ್ದ ಮನುಷ್ಯ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲರೂ ಕಂಪ್ಯೂಟರ್ ಕಂಪ್ಯೂಟರ್ ಎಂದು ಕುಣಿಯತೊಡಗಿದಾಗ ತಾವೂ ಒಂದು ವಿಭಾಗ ತೆರೆದು ನನ್ನನ್ನು ಕೆಲಸಕ್ಕಿಟ್ಟುಕೊಂಡರು. ವಿಭಾಗವೆಂದರೆ ನಾನೊಬ್ಬಳೇ. ಬಿಡಿಭಾಗಗಳನ್ನು ಜೋಡಿಸುವವಳೂ ನಾನೇ, ಗಿರಾಕಿಯ ಮುಂದೆ ಓಡಿಸಿ ತೋರಿಸುವವಳೂ ನಾನೇ, ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ.

ಆ ಸಂಖ್ಯೆಯ ಕಥೆ ಸರಳ. ಕಂಪ್ಯೂಟರಿನ ಮೆದುಳೆನ್ನುವ ಚಿಪ್ಪು ಒಂದು ತಾಳಕ್ಕೆ ಕೆಲಸ ಮಾಡುತ್ತದೆ. ತಾಳ ಚುರುಕಾದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಹತ್ತು ಲಕ್ಷ ತಾಳ ಬಿತ್ತು ಅನ್ನುವ ಲೆಕ್ಕಕ್ಕೆ ಮೆಗಾಹರ್ಟ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ ಈ ಚಿಪ್ಪು ಮಾಡುವ ಎರಡು ಕಂಪನಿಗಳಿದ್ದವು. ಮೊದಲು ರೂಪಿಸಿದ್ದು ಹಿರಿಯ ಕಂಪನಿ. ಅದರಂಥದ್ದನ್ನೇ ಮಾಡುವುದನ್ನು ಕಲಿತು, ಕೋರ್ಟು ಕಚೇರಿ ಹತ್ತಿ ಎದುರು ನಿಂತದ್ದು ಕಿರಿಯ ಕಂಪನಿ. ಹಿರಿಯರು ಮೂವತ್ತಮೂರಕ್ಕೆ ನಿಲ್ಲಿಸಿ ಮುಂದಿನ ತಲೆಮಾರಿನ ಚಿಪ್ಪಿನ ಕಡೆ ತಿರುಗಿದರೆ, ಕಿರಿಯರು ಅದೇ ಹಳೆಯ ಚಿಪ್ಪನ್ನು ನಲವತ್ತಕ್ಕೆ ಓಡಿಸಿ ತೋರಿಸಿದರು. ಫೋರ್ಟಿನ ಗಲ್ಲಿಗಳಲ್ಲಿ ಅಂಗಡಿಗಳೇ ಎರಡು ಪಂಗಡವಾದವು. ನಮ್ಮ ಶೇಠರು ಕಿರಿಯರ ಕಡೆ. ಎದುರು ಕಟ್ಟಡದ ಅಂಗಡಿ ಹಿರಿಯರ ಕಡೆ. ಅಮೆರಿಕದ ಇಬ್ಬರು ಶ್ರೀಮಂತರ ಜಟಾಪಟಿಯಲ್ಲಿ ಮಲಾಡಿನ ಮನೆಯಲ್ಲಿ ನನ್ನ ನಿದ್ದೆ ಹಾರಿಹೋಗಿತ್ತು.

ನಿದ್ದೆ ಹಾರಲು ಬೇರೆ ಕಾರಣವೂ ಇತ್ತು. ನನ್ನ ಗಂಡ ಕೆಲಸ ಮಾಡುತ್ತಿದ್ದ ಔಷಧಿ ಕಾರ್ಖಾನೆಗೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಮೊದಮೊದಲು ಅವರು ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ಉಳಿದವರ ಜೊತೆ ನಿಂತು ಬರುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಅದೂ ನಿಂತಿತು. ಮೈಸೂರಿನಿಂದ ಮುಂಬಯಿಗೆ ಬಂದ ಹೊಸದರಲ್ಲಿ ಲೋಕಲ್ಲಿನಲ್ಲಿ ಅಕ್ಕಪಕ್ಕದವರನ್ನೆಲ್ಲ ಮಾತಾಡಿಸುತ್ತಿದ್ದ ಮನುಷ್ಯ, ಈಗ ಕೇಳಿದ್ದಕ್ಕೆ ಹೂಂ, ಉಹೂಂ. ಅಕ್ಕಿ ಆರಿಸಿಡುತ್ತಿದ್ದರು, ನೀರು ಹಿಡಿದಿಡುತ್ತಿದ್ದರು, ನಾನು ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಬೇಸರಪಟ್ಟುಕೊಳ್ಳಲೂ ಅವರಲ್ಲಿ ಶಕ್ತಿ ಉಳಿದಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿಗೆ ನನ್ನ ಮೇಲೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ಮನೆ ನಿಂತಿದ್ದದ್ದು ನನ್ನ ಕೆಲಸದ ಮೇಲೆ. ಅದೊಂದು ಹೋದರೆ ನಾವಿಬ್ಬರೂ ಆ ಕಿಟಕಿಯ ಹತ್ತಿರ ಕೂರಬೇಕಾಗುತ್ತಿತ್ತು.

ಹಾಗಿರುವಾಗ ಶೇಠರು ನನ್ನನ್ನು ಕರೆದು ಹೇಳಿದರು, "ದೇಖೋ ಬೆಹೆನ್, ಈ ಬ್ಯಾಂಕಿನ ಆರ್ಡರ್ ಬಂದರೆ ಡಿಪಾರ್ಟ್‌ಮೆಂಟ್ ಚಲೇಗಾ. ನಹೀ ಆಯಾ ತೋ ನಾನು ವಾಪಸ್ ಟೈಪ್‌ರೈಟರ್. ಟೈಪ್‌ರೈಟರಿಗೆ ನೀವು ಬೇಕಾಗಿಲ್ಲ." ಕೆಟ್ಟ ಮನುಷ್ಯರಲ್ಲ. ಹೇಳುವಾಗ ನನಗೆ ಕೆಳಗಿನ ಉಡುಪಿ ಹೋಟೆಲಿನಿಂದ ಕಾಫಿ ತರಿಸಿಕೊಟ್ಟಿದ್ದರು. ಆ ಕಾಫಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದೆ.

ಅದು ಸಾಂತಾಕ್ರೂಜಿನ ಒಂದು ಸಹಕಾರಿ ಬ್ಯಾಂಕು. ಕರಾವಳಿಯಿಂದ ಬಂದು ಹೋಟೆಲ್ ಇಟ್ಟು ಮೇಲೆ ಬಂದ ಕೆಲವರು ಸೇರಿ ಕಟ್ಟಿಕೊಂಡಿದ್ದದ್ದು. ಅವರಿಗೆ ಎಲ್ಲ ಶಾಖೆಗಳಿಗೂ ಕಂಪ್ಯೂಟರ್ ಬೇಕಿತ್ತು. ಯಾವುದು ಒಳ್ಳೆಯದೆಂದು ಅವರಿಗೆ ತಿಳಿಯದು. ತಿಳಿಯದವರೆಲ್ಲ ಆಗ ಒಂದೇ ದಾರಿ ಹಿಡಿಯುತ್ತಿದ್ದರು. ಎರಡು ಅಂಗಡಿಯ ಯಂತ್ರಗಳನ್ನು ಒಂದೇ ಮೇಜಿನ ಮೇಲೆ ಇಡಿಸಿ, ಒಂದೇ ಕೆಲಸ ಕೊಟ್ಟು, ಯಾವುದು ಮೊದಲು ಮುಗಿಸುತ್ತದೋ ನೋಡುವುದು. ಬ್ಯಾಂಕಿನ ಎಲ್ಲ ಉಳಿತಾಯ ಖಾತೆಗಳ ಬಡ್ಡಿ ಲೆಕ್ಕ ಹಾಕಬೇಕು, ಮೊದಲು ಮುಗಿಸಿದವರಿಗೆ ಆರ್ಡರ್. ನಮ್ಮ ನಲವತ್ತು, ಎದುರು ಅಂಗಡಿಯ ಮೂವತ್ತಮೂರು. ಶೇಠರು ಆಗಲೇ ಪೇಢೆ ಹಂಚುವ ಉತ್ಸಾಹದಲ್ಲಿದ್ದರು.

ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಅಲ್ಲ, ಗೊತ್ತಿತ್ತು, ನಾನೇ ಹೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಚುರುಕಾಗಿ ಓಡಿದಷ್ಟೂ ಯಂತ್ರ ಬಿಸಿಯಾಗುತ್ತದೆ. ಚಿಪ್ಪು ಆ ಬಿಸಿಯನ್ನು ತಡೆದುಕೊಳ್ಳುತ್ತಿತ್ತು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಅದನ್ನು ಕೂರಿಸಿದ ಹಲಗೆಯನ್ನು, ಮದರ್‌ಬೋರ್ಡನ್ನು, ಶೇಠರು ಯಾವುದೋ ಹೆಸರಿಲ್ಲದ ಕಡೆಯಿಂದ ಅಗ್ಗಕ್ಕೆ ತರಿಸಿದ್ದರು. ನಮ್ಮ ಆಫೀಸಿನಲ್ಲಿ ಎಸಿ ಓಡುತ್ತಿರುವಷ್ಟು ಹೊತ್ತೂ ನಲವತ್ತರ ಯಂತ್ರ ಕುದುರೆಯ ಹಾಗೆ ಓಡುತ್ತಿತ್ತು. ಮೇ ತಿಂಗಳ ಮಧ್ಯಾಹ್ನ ಎಸಿ ಕೈಕೊಟ್ಟಿತೋ, ಸ್ವಲ್ಪ ಹೊತ್ತಿಗೆ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ಬೋರ್ಡ್ ಬದಲಾಯಿಸೋಣ ಎಂದೆ. ಟೈಮ್ ಇಲ್ಲ ಎಂದರು. ಹಾಗಾದರೆ ಸ್ಪರ್ಧೆ ಎಸಿ ರೂಮಿನಲ್ಲೇ ಆಗಬೇಕು ಎಂದು ಹಟ ಹಿಡಿದೆ. ಅದಕ್ಕೆ ಬ್ಯಾಂಕಿನವರು ಸಂತೋಷದಿಂದ ಒಪ್ಪಿದರು. ಕಂಪ್ಯೂಟರಿಗೆಂದೇ ಅವರು ಹೊಸದಾಗಿ ಎಸಿ ರೂಮು ಮಾಡಿಸಿದ್ದರಂತೆ.

ಬೆಳಿಗ್ಗೆ ಹೊರಡುವಾಗ ಗಂಡನಿಗೆ ಎಲ್ಲ ಹೇಳಿದೆ. ಇವತ್ತು ಗೆದ್ದರೆ ಉಳಿದೆವು, ಇಲ್ಲದಿದ್ದರೆ ಇಲ್ಲ ಎಂದು ನೇರವಾಗಿಯೇ ಹೇಳಿದೆ. ಅವರು ಹೂಂ ಎಂದರು. ಇಷ್ಟೇನಾ ಎಂದು ಮನಸ್ಸಿನಲ್ಲೇ ಉರಿದುಕೊಂಡು ಸ್ಟೇಷನ್ನಿಗೆ ನಡೆದೆ.

ಫೋರ್ಟಿನಿಂದ ಯಂತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಶೇಠರು ಮುಂದಿನ ಸೀಟಿನಲ್ಲಿ. ಮಾಹಿಮಿನಲ್ಲಿ ಗಾಡಿಗಳು ಜಾಮಾಗಿ ನಿಂತಾಗ ಬಿಸಿಲು ನೇರವಾಗಿ ತೊಡೆಯ ಮೇಲೇ ಬೀಳುತ್ತಿತ್ತು. ನಾನು ಸೆರಗಿನಿಂದ ಪೆಟ್ಟಿಗೆಗೆ ಮರೆ ಮಾಡಿದೆ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ, ತೊಡೆಯ ಮೇಲೆ ಕಾಯಿಲೆಯ ಮಗುವಿದೆ ಎಂದುಕೊಂಡು, "ಬಚ್ಚಾ ಬೀಮಾರ್ ಹೈ ಕ್ಯಾ?" ಎಂದು ಕೇಳಿದ. ಶೇಠರು ನಕ್ಕರು. ನನಗೆ ನಗು ಬರಲಿಲ್ಲ.

ಬ್ಯಾಂಕಿನ ಎಸಿ ರೂಮಿನ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಆಗೆಲ್ಲ ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟೇ ಹೋಗುವುದು, ಧೂಳು ಒಳಗೆ ಬರಬಾರದೆಂದು. ಚಪ್ಪಲಿ ಬಿಟ್ಟ ಮೇಲೆ ಜನ ಕೈಯನ್ನೂ ಮುಗಿದುಬಿಡುತ್ತಿದ್ದರು. ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ನನಗೆ ಜೀವ ಬಂದ ಹಾಗಾಯಿತು. ಕಿಟಕಿಗಳನ್ನೆಲ್ಲ ಗಾಜಿನಿಂದ ಮುಚ್ಚಿ ಅಂಟು ಬಳಿದಿದ್ದರು. ಎದುರು ಅಂಗಡಿಯ ಎಂಜಿನಿಯರ್ ಆಗಲೇ ತನ್ನ ಯಂತ್ರ ಜೋಡಿಸಿಕೊಂಡು ಕೂತಿದ್ದ. ಧಾರವಾಡದ ಕಡೆಯವನು, ಫೋರ್ಟಿನಲ್ಲಿ ಊಟದ ಹೊತ್ತಿಗೆ ಒಂದೇ ಹೋಟೆಲಿಗೆ ಹೋಗುತ್ತಿದ್ದೆವಾದ್ದರಿಂದ ಮುಖಪರಿಚಯ ಇತ್ತು.

"ಬರ್ರಿ ಮೇಡಂ. ನಲವತ್ತಂತ ಊರ ತುಂಬ ಹೇಳ್ಯಾರ ನಿಮ್ಮ ಶೇಠ್ರು. ಓಡಸ್ರಿ, ನೋಡೂಣು" ಎಂದ.

"ಓಡಿಸೋಕೇ ಬಂದಿರೋದು" ಎಂದೆ.

ಯಂತ್ರ ಕೂರಿಸಿ, ತಂತಿಗಳನ್ನೆಲ್ಲ ಸಿಕ್ಕಿಸಿ, ಪರೀಕ್ಷೆ ಮಾಡಿ ನೋಡಿದೆ. ಎಲ್ಲ ಸರಿಯಿತ್ತು. ಕೆಂಪು ನಲವತ್ತು ಹೊಳೆಯಿತು. ಆಗ ಬ್ಯಾಂಕಿನ ಚೇರ್ಮನ್ನರು ಬಂದರು. ಬಿಳಿ ಪಂಚೆ, ಹಣೆಯಲ್ಲಿ ಗಂಧ, ಹಿಂದೆ ತಟ್ಟೆ ಹಿಡಿದ ಪ್ಯೂನು. ತಟ್ಟೆಯಲ್ಲಿ ಕಾಲುದೀಪ, ಎಣ್ಣೆ, ಬತ್ತಿ, ಹೂವು, ತೆಂಗಿನಕಾಯಿ. ಅವರ ಹಿಂದೆ ಇಡೀ ಬ್ಯಾಂಕೇ ಬಂದ ಹಾಗಿತ್ತು. ಕ್ಯಾಷಿಯರು, ಕ್ಲಾರ್ಕುಗಳು, ಮ್ಯಾನೇಜರು, ಎಲ್ಲರಿಗೂ ಪೂಜೆಯ ಪ್ರಸಾದವೂ ಬೇಕು, ಎಸಿಯ ತಂಪೂ ಬೇಕು. ಪೂಜೆಯಾಗದೆ ಆ ಬ್ಯಾಂಕಿನಲ್ಲಿ ಹೊಸ ತಿಜೋರಿಯ ಬಾಗಿಲೂ ತೆರೆಯುತ್ತಿರಲಿಲ್ಲವಂತೆ, ಕಂಪ್ಯೂಟರ್ ಯಾವ ಲೆಕ್ಕ.

ಚೇರ್ಮನ್ನರು ಮೇಜಿನ ಪಕ್ಕದ ಸ್ಟೂಲಿನ ಮೇಲೆ ದೀಪ ಇಡಿಸಿ ಪ್ಯೂನಿಗೆ ಹೇಳಿದರು, "ಎಸಿ ಬಂದ್ ಮಾಡು. ಗಾಳಿಗೆ ದೀಪ ನಿಲ್ಲುದಿಲ್ಲ."

ಸ್ವಲ್ಪ ಹೊತ್ತು ತಾನೇ, ಮಂಗಳಾರತಿ ಆದ ಮೇಲೆ ಹಾಕುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವರು ಸುತ್ತ ನೋಡಿ, ಇದ್ದವರಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ನನ್ನ ಕಡೆ ತಿರುಗಿದರು. "ಅಮ್ಮ, ನೀವು ಕನ್ನಡದವರಲ್ವಾ?"

"ಹೌದು ಸರ್, ಮೈಸೂರು."

"ಒಳ್ಳೇದಾಯ್ತು. ಮನೆ ಮಗಳ ಹಾಗೆ ನೀವೇ ದೀಪ ಹಚ್ಚಿ."

ಪ್ಯೂನು ಎಣ್ಣೆಯ ಬಾಟಲಿ ಕೊಟ್ಟ. ನಾನು ಕೈ ಬಿಗಿಹಿಡಿದು ಸ್ವಲ್ಪವೇ ಎಣ್ಣೆ ಹೊಯ್ದೆ. ಬೇಗ ಮುಗಿಯಲಿ ಎಂಬ ಲೆಕ್ಕ ನನ್ನದು. ಚೇರ್ಮನ್ನರು ಅದನ್ನು ನೋಡಿ, "ಎಂತ ಅಮ್ಮ, ಬ್ಯಾಂಕಿನಲ್ಲಿ ಎಣ್ಣೆಗೆ ಬರಗಾಲವಾ?" ಎಂದು ನಕ್ಕು, ಬಾಟಲಿ ತೆಗೆದುಕೊಂಡು ತಾವೇ ಅಂಚಿನವರೆಗೆ ತುಂಬಿದರು. ಬೆಂಕಿಕಡ್ಡಿ ಗೀರಿದೆ. ದೀಪ ಹತ್ತಿತು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಏನು ಬೇಡಿಕೊಳ್ಳಲಿ? ಬೇಗ ಆರಿಹೋಗು ಎಂದು ದೀಪವನ್ನು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ಕಾಯಿ ಒಡೆದು, ಎರಡೂ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಮಂಗಳಾರತಿ ಮುಗಿಯಿತು. "ಶುರು ಮಾಡಿ" ಎಂದರು ಚೇರ್ಮನ್ನರು.

"ಸರ್, ಎಸಿ ಹಾಕಿಸಬಹುದಾ?"

"ದೀಪ?"

"ದೀಪ ಹೊರಗೆ ಹಾಲಿನಲ್ಲಿಟ್ಟರೆ..."

"ಛೆ ಛೆ, ಹಚ್ಚಿದ ದೀಪ ಎತ್ತಿ ಇಡುದುಂಟಾ? ಕೆಲಸ ಮುಗಿಯುವವರೆಗೆ ಅದು ಇಲ್ಲೇ ಇರಬೇಕು. ಮಧ್ಯದಲ್ಲಿ ಆರಿದರೆ ನಮ್ಮ ಬ್ಯಾಂಕಿಗೆ ಒಳ್ಳೇದಲ್ಲ ಅಮ್ಮ. ಒಂದು ಸ್ವಲ್ಪ ಸೆಕೆ ತಡ್ಕೊಳ್ಳಿ."

"ಸೆಕೆ ನನಗಲ್ಲ ಸರ್, ಯಂತ್ರಕ್ಕೆ."

ಬಾಯಿಂದ ಬಿದ್ದ ಮೇಲೆ ತಿಳಿಯಿತು ಎಂಥ ಮಾತಾಡಿಬಿಟ್ಟೆ ಎಂದು. ಶೇಠರಿಗೆ ಕನ್ನಡ ಅರೆಬರೆ ತಿಳಿಯುತ್ತಿದ್ದರೂ ನನ್ನ ದನಿ ಪೂರ್ತಿ ತಿಳಿಯಿತು, ಹಿಂದಿನಿಂದ ದುರುಗುಟ್ಟಿ ನೋಡಿದರು. ಧಾರವಾಡದವನು ಇಂಥ ಅವಕಾಶ ಬಿಟ್ಟಾನೆಯೇ. "ನಮ್ಮ ಮಷೀನಿಗೇನ್ ಎಸಿ ಬೇಕಾಗಿಲ್ರೀ ಸರ. ದೀಪ ಉರೀಲಿ" ಎಂದ. ಚೇರ್ಮನ್ನರ ಮುಖ ಅರಳಿತು. ಅಲ್ಲಿಗೆ ಮಾತು ಮುಗಿಯಿತು.

ಇಬ್ಬರೂ ಒಟ್ಟಿಗೆ ಕೀಲಿ ಒತ್ತಿದೆವು. ಪರದೆಯ ಮೇಲೆ ಖಾತೆ ಸಂಖ್ಯೆಗಳು ಒಂದರ ಕೆಳಗೊಂದು ಏರತೊಡಗಿದವು. ನಮ್ಮದು ಮುಂದೆ. ಯಾರಿಗೂ ವಿವರಿಸಬೇಕಾಗಿರಲಿಲ್ಲ, ಸಂಖ್ಯೆ ಓದಲು ಬಂದವರಿಗೆಲ್ಲ ಕಾಣುತ್ತಿತ್ತು. ಕ್ಲಾರ್ಕುಗಳು ಕ್ರಿಕೆಟ್ ಸ್ಕೋರಿನ ಹಾಗೆ ಕೂಗಿ ಹೇಳುತ್ತಿದ್ದರು. ಶೇಠರು ಕೈ ಉಜ್ಜಿಕೊಂಡರು. ಮುಚ್ಚಿದ ಕಿಟಕಿ, ಅಷ್ಟು ಜನರ ಉಸಿರು, ಊದುಬತ್ತಿಯ ಹೊಗೆ, ಎಣ್ಣೆ ದೀಪ, ಎರಡು ಯಂತ್ರ. ಹೊಸ ಎಸಿ ರೂಮು ಸ್ವಲ್ಪ ಹೊತ್ತಿನಲ್ಲೇ ಇಡ್ಲಿ ಪಾತ್ರೆಯಾಯಿತು. ಚೇರ್ಮನ್ನರ ಗಂಧ ಕರಗಿ ಮೂಗಿನ ಮೇಲೆ ಇಳಿಯಿತು. ನಾನು ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟು ನೋಡಿದೆ. ಸುಡುತ್ತಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮತ್ತೆ ಮತ್ತೆ ಮುಟ್ಟಿದೆ. ದೀಪ ಮಾತ್ರ ಒಂದಿಷ್ಟೂ ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ಅಷ್ಟು ಚೆನ್ನಾಗಿ ಉರಿಯುವ ದೀಪವನ್ನು ನಾನು ಎಲ್ಲಿಯೂ ನೋಡಿಲ್ಲ. ಹಚ್ಚಿದವಳು ನಾನೇ ತಾನೇ.

ನಮ್ಮ ಕೈಯಲ್ಲಿ ಇನ್ನೊಂದು ಉಪಾಯವಿತ್ತು. ಆ ಕಾಲದ ಪೆಟ್ಟಿಗೆಗಳ ಮುಂದೆ ಟರ್ಬೊ ಎಂದು ಒಂದು ಗುಂಡಿ ಇರುತ್ತಿತ್ತು. ಅದನ್ನು ಒತ್ತಿದರೆ ಯಂತ್ರ ನಿಧಾನವಾಗುತ್ತದೆ, ಕೆಂಪು ಸಂಖ್ಯೆಯೂ ಇಳಿಯುತ್ತದೆ. ಹಳೆಯ ಪ್ರೋಗ್ರಾಮುಗಳಿಗೆಂದು ಮಾಡಿದ್ದು. ನಾವು ಸಾಕಷ್ಟು ಮುಂದಿದ್ದೆವು. ಸ್ವಲ್ಪ ಹೊತ್ತು ನಿಧಾನ ಮಾಡಿ, ತಣ್ಣಗಾಗಲು ಬಿಟ್ಟು, ಆಮೇಲೆ ಮತ್ತೆ ನಲವತ್ತಕ್ಕೆ ಏರಿಸಿದರೆ ದಡ ಸೇರಬಹುದು ಅನ್ನಿಸಿತು. ಗುಂಡಿಯ ಕಡೆ ಬೆರಳು ಚಾಚಿದೆ. ಶೇಠರು ನನ್ನ ಮಣಿಕಟ್ಟು ಹಿಡಿದರು.

"ಕ್ಯಾ ಕರ್ ರಹೀ ಹೋ? ಎಲ್ಲರ ಎದುರು ನಂಬರ್ ಇಳಿಸ್ತೀರಾ?"

"ಶೇಠ್‌ಜೀ, ಮಷೀನ್ ಬಂದ್ ಹೋ ಜಾಯೇಗಾ, ನಿಂತೇ ಹೋಗುತ್ತೆ."

"ನಹೀ ಹೋಗಾ. ಕೈ ಹಾಕಬೇಡಿ."

ಅವರ ಬೆವರಿದ ಕೈ ನನ್ನ ಕೈಯನ್ನು ಹಿಡಿದೇ ಇತ್ತು. ಹಾಗೆ ಹಿಡಿದುಕೊಂಡೇ ಇಬ್ಬರೂ ನೋಡಿದೆವು. ಸಂಖ್ಯೆಗಳು ಏರುತ್ತಾ ಏರುತ್ತಾ ನಿಂತುಹೋದವು. ಯಾರಾದರೂ ಬಂದು ಮತ್ತೆ ಓಡಿಸುತ್ತಾರೋ ಎನ್ನುವ ಹಾಗೆ ಕ್ಲಾರ್ಕುಗಳು ಕೊನೆಯ ಸಂಖ್ಯೆಯನ್ನೇ ಮತ್ತೊಮ್ಮೆ ಕೂಗಿದರು. ನಾನು ಕೀಲಿಗಳನ್ನೆಲ್ಲ ಒತ್ತಿದೆ, ಎಲ್ಲ ಒಟ್ಟಿಗೆ ಒತ್ತಿದೆ. ಪರದೆ ಅಲುಗಲಿಲ್ಲ. ಪೆಟ್ಟಿಗೆಯ ಮುಖದಲ್ಲಿ ಮಾತ್ರ ನಲವತ್ತು ಎಂಬ ಸಂಖ್ಯೆ ಏನೂ ಆಗದ ಹಾಗೆ ಹೊಳೆಯುತ್ತಲೇ ಇತ್ತು. ಪಕ್ಕದ ಮೂವತ್ತಮೂರು ತನ್ನ ಪಾಡಿಗೆ ತಾನು ನಡೆದು, ನಾವು ನಿಂತ ಖಾತೆಯನ್ನು ದಾಟಿ ಮುಂದೆ ಹೋಯಿತು.

ಮತ್ತೆ ಮೊದಲಿನಿಂದ ಶುರುಮಾಡಲು ಬಿಡಿ ಎಂದು ಕೇಳಿಕೊಂಡೆ. ನಾಚಿಕೆ ಬಿಟ್ಟು, ಆ ಅಷ್ಟೂ ಜನರ ಎದುರು, ಕೈಮುಗಿದು ಕೇಳಿಕೊಂಡೆ. ಎಸಿ ಹಾಕಿ ಇನ್ನೊಂದೇ ಒಂದು ಸಲ ನೋಡಿ ಸರ್ ಎಂದೆ. ಚೇರ್ಮನ್ನರಿಗೆ ನಿಜವಾಗಿಯೂ ಪಾಪ ಅನ್ನಿಸಿರಬೇಕು. "ಬೇಜಾರು ಮಾಡ್ಕೊಳ್ಬೇಡಿ ಅಮ್ಮ" ಎಂದರು. "ನಮ್ಮ ಬ್ರಾಂಚುಗಳಲ್ಲಿ ಎಲ್ಲ ಕಡೆ ಎಸಿ ಎಲ್ಲುಂಟು? ದೇವರೇ ಇವತ್ತು ಪರೀಕ್ಷೆ ಮಾಡಿ ತೋರಿಸಿದ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಧಾರವಾಡದವನು ತನ್ನ ಕೆಲಸ ಮುಗಿಸಿ ಎದ್ದು, ನನ್ನ ತಂತಿಗಳನ್ನು ಬಿಚ್ಚಲು ಕೈಹಾಕಿದ. "ಬಿಡ್ರಿ ಮೇಡಂ, ನಾ ಮಾಡ್ತೀನಿ" ಎಂದ. ಬೇಡ ಎಂದು ಗದರಿ ನಾನೇ ಬಿಚ್ಚಿದೆ. ಪ್ರಸಾದದ ಕಾಯಿ ಚೂರು ಅಂಗೈಯಲ್ಲಿ ಇತ್ತು, ಎಲ್ಲಿಡಬೇಕೆಂದು ತಿಳಿಯದೆ ಬೆಡ್‌ಶೀಟಿನ ಗಂಟಿನಲ್ಲಿ ಕಟ್ಟಿದೆ.

ಹೊರಗೆ ಬಂದ ಮೇಲೆ ಶೇಠರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಟ್ಯಾಕ್ಸಿಗೆ ಯಂತ್ರ ಇಡಿಸಿ, "ನೀವು ಇಲ್ಲಿಂದಲೇ ಮನೆಗೆ ಹೋಗಿ. ಕಲ್ ಆಕೇ ಹಿಸಾಬ್ ಲೇ ಲೇನಾ, ಬಾಕಿ ಸಂಬಳ ಚುಕ್ತಾ ಮಾಡ್ತೀನಿ" ಎಂದರು. ಟ್ಯಾಕ್ಸಿ ಹೊರಟಿತು. ಬೋರ್ಡ್ ಬದಲಾಯಿಸಿ ಎಂದು ನಾನು ಹೇಳಿದ್ದೆನಲ್ಲ ಎಂದು ಆ ಟ್ಯಾಕ್ಸಿಯ ಹಿಂದೆ ಓಡಿ ಕಿರುಚಬೇಕು ಅನ್ನಿಸಿತು. ಯಾರಿಗೆ ಕಿರುಚುವುದು. ಸಾಂತಾಕ್ರೂಜ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಂದರ ಹಿಂದೊಂದು ಲೋಕಲ್‌ಗಳನ್ನು ಬಿಟ್ಟೆ. ಮನೆಗೆ ಹೋಗಿ ಆ ಕಿಟಕಿಯ ಹತ್ತಿರದ ಮುಖಕ್ಕೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ. ಹೂಂ ಎನ್ನುತ್ತಾರೆ, ಅಷ್ಟೇ. ಆ ಹೂಂ ಕೇಳುವುದಕ್ಕಿಂತ ಇಲ್ಲೇ ಕೂತಿರುವುದು ವಾಸಿ ಅನ್ನಿಸುತ್ತಿತ್ತು. ಕೊನೆಗೆ ಜನರ ನೂಕಿನಲ್ಲಿ ಯಾವುದಕ್ಕೋ ಹತ್ತಿದೆ.

ಮಲಾಡಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಸಂಜೆಯಾಗಿತ್ತು. ಬಾಗಿಲು ತಳ್ಳಿದೆ. ಒಳಗೆ ಬ್ಯಾಂಕಿನ ಆ ರೂಮಿನದೇ ಸೆಕೆ. ಕಿಟಕಿ ಮುಚ್ಚಿತ್ತು. ಫ್ಯಾನು ಓಡುತ್ತಿರಲಿಲ್ಲ. ನನ್ನ ಗಂಡ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು, ಅವರ ಮುಂದೆ ನಮ್ಮ ಮದುವೆಯ ಬೆಳ್ಳಿ ದೀಪ ಉರಿಯುತ್ತಿತ್ತು. ನನ್ನ ಗಂಡ ದೇವರಿಗೆ ಕೈಮುಗಿದದ್ದನ್ನು ನಾನು ನೋಡಿದವಳಲ್ಲ. ಆದರೆ ಆ ಹೊತ್ತಿನಲ್ಲಿ ಅದೇನೂ ನನಗೆ ಹೊಳೆಯಲಿಲ್ಲ. ಕಣ್ಣಿಗೆ ಕಂಡದ್ದು ದೀಪ ಒಂದೇ. ತಲೆಗೆ ರಕ್ತ ಏರಿತು. ಚಪ್ಪಲಿ ಕೂಡ ಬಿಡದೆ ನೇರ ಸ್ವಿಚ್ಚಿನ ಕಡೆ ಹೋದೆ.

"ಬೇಡ, ಆರುತ್ತೆ" ಎಂದರು.

"ಆರ್ಲಿ."

ಫ್ಯಾನಿನ ರೆಗ್ಯುಲೇಟರನ್ನು ಕೊನೆಯ ಐದರವರೆಗೆ ತಿರುಗಿಸಿ ಸ್ವಿಚ್ ಒತ್ತಿದೆ. ರೆಕ್ಕೆಗಳು ನಿಧಾನವಾಗಿ ಎದ್ದವು. ದೀಪ ಒಮ್ಮೆ ಮಲಗಿ, ಒಮ್ಮೆ ಎದ್ದು, ಆರಿಹೋಯಿತು. ಬತ್ತಿಯ ಹೊಗೆ ನಮ್ಮಿಬ್ಬರ ನಡುವೆ ಸುತ್ತಿ ಮೇಲೆ ಹೋಯಿತು. ಅವರು ನನ್ನನ್ನು ಏನಾಯಿತು ಎಂದು ಕೇಳಲಿಲ್ಲ. ನನ್ನ ಮುಖದಲ್ಲೇ ಇತ್ತಲ್ಲ. ಆಗಲೇ ನಾನು ಅವರನ್ನು ಸರಿಯಾಗಿ ನೋಡಿದ್ದು. ಬನಿಯನ್ನು ನೀರಿನಲ್ಲಿ ಅದ್ದಿ ಹಾಕಿಕೊಂಡಂತೆ ಮೈಗೆ ಅಂಟಿತ್ತು. ಕೂದಲಿನಿಂದ ಬೆವರು ಇಳಿದು ಗಲ್ಲದ ಮೇಲೆ ನಿಂತಿತ್ತು. ಪಕ್ಕದಲ್ಲಿ ಎಣ್ಣೆಯ ಡಬ್ಬ, ಪೂರ್ತಿ ಖಾಲಿ.

"ಯಾವಾಗಿಂದ ಹೀಗೆ ಕೂತಿದ್ದೀರಿ?" ಎಂದೆ.

ಅವರು ಖಾಲಿ ಡಬ್ಬಕ್ಕೆ ಮುಚ್ಚಳ ಹಾಕಿದರು. ಆಮೇಲೆ, ಎಷ್ಟೋ ತಿಂಗಳ ನಂತರ, ಹೂಂ, ಉಹೂಂ ಬಿಟ್ಟು ಒಂದು ಪೂರ್ತಿ ಮಾತಾಡಿದರು.

"ಎಷ್ಟು ಹೊತ್ತಿಗೆ ಶುರುವಾಗುತ್ತೆ ಅಂತ ನೀನು ಹೇಳಿರಲಿಲ್ಲ. ಅದಕ್ಕೆ ನೀನು ಹೊರಟಾಗ್ಲೇ ಹಚ್ಚಿಬಿಟ್ಟೆ."

ಆರಿದ ದೀಪದ ಈಚೆಗೆ, ಅವರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವರು ನನ್ನ ಕಾಲಿನಿಂದ ಚಪ್ಪಲಿ ಬಿಡಿಸಿ ಬಾಗಿಲ ಹತ್ತಿರ ಇಟ್ಟು ಬಂದರು. ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿತ್ತು.